ಇಂಗ್ಲಿಷ್ ವಾಕ್ಯ ಸರಿಯಿದೆಯೇ? ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಕೆಲವು ವರ್ಷಗಳ ಹಿಂದೆ ಕೆಲಸದ ಇಮೇಲ್ ಒಂದರಲ್ಲಿ ನಾನು ಹೀಗೆ ಬರೆದಿದ್ದೆ: 'ಐ ಡೌಟ್ ದಟ್ ದೀಸ್ ಫಿಗರ್ಸ್ ವರ್ ಕಾಪೀಡ್ ಫ್ರಮ್ ದಿ ಓಲ್ಡ್ ಫೈಲ್.' ನನ್ನ ಮನಸ್ಸಿನಲ್ಲಿದ್ದದ್ದು 'ಈ ಅಂಕಿಗಳನ್ನು ಹಳೇ ಫೈಲಿನಿಂದ ಎತ್ತಿ ಹಾಕಿದ್ದಾರೆ ಅಂತ ನನಗೆ ಅನುಮಾನ' ಎಂಬ ಮಾತು. ಗ್ರಾಮರ್ ಚೆಕರ್ ಎಲ್ಲೂ ಗೆರೆ ಎಳೆಯಲಿಲ್ಲ. ಎಳೆಯಲು ಕಾರಣವೂ ಇರಲಿಲ್ಲ. ಕರ್ತೃ, ಕ್ರಿಯಾಪದ, ಟೆನ್ಸ್, ಆರ್ಟಿಕಲ್ ಎಲ್ಲವೂ ಅದರದರ ಜಾಗದಲ್ಲಿದ್ದವು. ಆದರೆ ಓದಿದವರಿಗೆ ತಲುಪಿದ್ದು ತದ್ವಿರುದ್ಧ ಅರ್ಥ: 'ಹಳೇ ಫೈಲಿನಿಂದ ಎತ್ತಿ ಹಾಕಿರಲಾರರು ಅಂತ ನನಗನ್ನಿಸುತ್ತದೆ.' ಸರಿ ಹಾಗಾದರೆ ಎಂದು ಅವರು ಮುಂದೆ ಹೋದರು. ತಪ್ಪು ಅಂಕಿಗಳು ವರದಿಯಲ್ಲಿ ಹಾಗೇ ಉಳಿದವು.

ಅಲ್ಲಿ ಬೇಕಿದ್ದ ಪದ 'ಸಸ್ಪೆಕ್ಟ್'. ಕನ್ನಡದ 'ಅನುಮಾನ' ಎರಡೂ ಕಡೆ ವಾಲುತ್ತದೆ. ಹೀಗಾಗಿರಬಹುದು ಎಂಬುದಕ್ಕೂ ಅನುಮಾನ, ಹೀಗಾಗಿರಲಿಕ್ಕಿಲ್ಲ ಎಂಬುದಕ್ಕೂ ಅನುಮಾನ. ಇಂಗ್ಲಿಷ್ ಈ ಎರಡಕ್ಕೆ ಎರಡು ಪದ ಇಟ್ಟುಕೊಂಡಿದೆ. ನಾನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಎರಡರ ಪೈಕಿ ತಪ್ಪಾದದ್ದನ್ನು ಆರಿಸಿದ್ದೆ.

ಈ ಬರಹಕ್ಕೆ ಕಾರಣ ಆ ಇಮೇಲ್. ಇಂಗ್ಲಿಷ್ ವಾಕ್ಯ ಪರೀಕ್ಷಿಸಲು ಈಗ ಸಾಧನಗಳಿಗೆ ಬರವಿಲ್ಲ. ವರ್ಡ್ ಮತ್ತು ಗೂಗಲ್ ಡಾಕ್ಸ್‌ನಲ್ಲೇ ಇರುವ ಚೆಕರ್‌ಗಳು, ಗ್ರಾಮರ್‌ಲಿ, ಲ್ಯಾಂಗ್ವೇಜ್‌ಟೂಲ್, ಆನ್‌ಲೈನ್ ನಿಘಂಟುಗಳು, ಕಾರ್ಪಸ್‌ಗಳು, ಎಐ ಚಾಟ್‌ಗಳು, ಜೊತೆಗೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಸ್ನೇಹಿತರು. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಇವು ಒಂದೇ ಕೆಲಸ ಮಾಡುವ ಸಾಧನಗಳಲ್ಲ. 'ಈ ವಾಕ್ಯ ಸರಿಯಿದೆಯೇ' ಎಂದು ಕೇಳುವಾಗ ನಾವು ನಿಜವಾಗಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿರುತ್ತೇವೆ.

ಮೊದಲನೆಯದು ನಿಯಮದ ಪ್ರಶ್ನೆ: ಇಲ್ಲಿ 'ಈಸ್' ಬರಬೇಕೋ 'ಆರ್' ಬರಬೇಕೋ, ಟೆನ್ಸ್ ಸರಿಯೋ, 'ದಿ' ಬೇಕೋ ಬೇಡವೋ. ಎರಡನೆಯದು ಒಡನಾಟದ ಪ್ರಶ್ನೆ: ಈ ಪದದ ಪಕ್ಕ ಆ ಪದ ಕೂರುತ್ತದೆಯೇ? ಕನ್ನಡದಲ್ಲಿ ಜೋರು ಮಳೆ, ಜೋರು ಗಾಳಿ, ಜೋರು ದನಿ, ಜೋರು ಜ್ವರ ಎಂದು ಒಂದೇ 'ಜೋರು' ನಾಲ್ಕು ಮನೆಯಲ್ಲೂ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಮಳೆಗೆ 'ಹೆವಿ', ಗಾಳಿಗೆ 'ಸ್ಟ್ರಾಂಗ್', ದನಿಗೆ 'ಲೌಡ್', ಜ್ವರಕ್ಕೆ 'ಹೈ'. 'ಸ್ಟ್ರಾಂಗ್ ರೇನ್' ಎಂದು ಬರೆದರೆ ಯಾವ ನಿಯಮವೂ ಮುರಿಯುವುದಿಲ್ಲ, ಆದರೆ ಕಿವಿಗೆ ಒರಟಾಗುತ್ತದೆ. ಮೂರನೆಯದು ಅರ್ಥದ ಪ್ರಶ್ನೆ: ನಾನು ಹೇಳಬೇಕೆಂದದ್ದನ್ನೇ ಈ ವಾಕ್ಯ ಹೇಳುತ್ತಿದೆಯೇ? ನನ್ನ 'ಡೌಟ್' ಎಡವಿದ್ದು ಇಲ್ಲಿ. ನಾಲ್ಕನೆಯದು ಧಾಟಿಯದು. ಮೇಲಧಿಕಾರಿಗೆ, ಗೆಳೆಯನಿಗೆ, ಅಪರಿಚಿತರಿಗೆ ಹೇಳುವ ರೀತಿ ಒಂದೇ ಅಲ್ಲ.

ಸಾಧನ ತೆರೆಯುವ ಮೊದಲು ನಿಮ್ಮ ಗೊಂದಲ ಈ ನಾಲ್ಕರಲ್ಲಿ ಯಾವುದು ಎಂದು ಒಂದು ಕ್ಷಣ ಕೇಳಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಗ್ರಾಮರ್ ಚೆಕರ್: ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ

ನಿಯಮದ ಪ್ರಶ್ನೆಗೆ ಚೆಕರ್‌ಗಳೇ ಮೊದಲ ಆಯ್ಕೆ. ವೇಗವಾಗಿ ಕೆಲಸ ಮಾಡುತ್ತವೆ, ದಣಿಯುವುದಿಲ್ಲ, ನೂರನೇ ಪುಟವನ್ನೂ ಮೊದಲ ಪುಟದಷ್ಟೇ ಗಮನದಿಂದ ನೋಡುತ್ತವೆ. 'ದಿ ಲಿಸ್ಟ್ ಆಫ್ ಚೇಂಜಸ್ ಆರ್ ಅಟ್ಯಾಚ್ಡ್' ಎಂದು ಬರೆದರೆ, ಕರ್ತೃ 'ಚೇಂಜಸ್' ಅಲ್ಲ, 'ಲಿಸ್ಟ್', ಆದ್ದರಿಂದ 'ಈಸ್' ಬರಬೇಕು ಎಂದು ಹಿಡಿಯುತ್ತವೆ. ಕನ್ನಡದಲ್ಲಿ ಯೋಚಿಸುವ ನಮಗೆ ಹೆಚ್ಚು ಕಾಡುವ ಒಂದು ತಪ್ಪನ್ನೂ ಇವು ಚೆನ್ನಾಗಿ ಹಿಡಿಯುತ್ತವೆ. 'ನಾಲ್ಕು ವರ್ಷದಿಂದ', '2019ರಿಂದ' ಎರಡರಲ್ಲೂ ನಮಗೆ 'ಇಂದ' ಒಂದೇ. ಇಂಗ್ಲಿಷಿನಲ್ಲಿ ಅವಧಿಗೆ 'ಫಾರ್', ಶುರುವಾದ ಹೊತ್ತಿಗೆ 'ಸಿನ್ಸ್'. 'ಐ ಆಮ್ ಹಿಯರ್ ಸಿನ್ಸ್ ಫೋರ್ ಇಯರ್ಸ್' ಎಂದರೆ ಒಳ್ಳೆಯ ಚೆಕರ್ ಗೆರೆ ಎಳೆಯುತ್ತದೆ. ಅಲ್ಲಿ 'ಹ್ಯಾವ್ ಬೀನ್' ಮತ್ತು 'ಫಾರ್' ಬರಬೇಕು.

ಆದರೆ ಇವುಗಳ ಸ್ವಭಾವ ತಿಳಿದಿರಬೇಕು. 2014ರಲ್ಲಿ ಸಿಒಎನ್‌ಎಲ್‌ಎಲ್ ಎಂಬ ಸಂಶೋಧಕರ ಸಮಾವೇಶದಲ್ಲಿ ವ್ಯಾಕರಣ ತಿದ್ದುವ ಯಂತ್ರಗಳ ಸ್ಪರ್ಧೆ ನಡೆಯಿತು. ಅಲ್ಲಿ ಅಂಕ ಕೊಟ್ಟ ಸೂತ್ರದಲ್ಲಿ, ಎಷ್ಟು ತಪ್ಪು ಹಿಡಿದೆ ಎಂಬುದಕ್ಕಿಂತ ಹಿಡಿದದ್ದು ಎಷ್ಟು ನಿಜವಾಗಿ ತಪ್ಪಾಗಿತ್ತು ಎಂಬುದಕ್ಕೆ ಎರಡರಷ್ಟು ತೂಕವಿತ್ತು. ಹೀಗೆ ಮಾಡುವುದಕ್ಕೆ ಕಾರಣವಿದೆ. ಸರಿಯಾದ ವಾಕ್ಯಕ್ಕೆ ಮೇಲಿಂದ ಮೇಲೆ ಕೆಂಪು ಗೆರೆ ಎಳೆಯುವ ಸಾಧನವನ್ನು ಜನ ಎರಡನೇ ದಿನವೇ ಮುಚ್ಚಿಡುತ್ತಾರೆ. ಆದ್ದರಿಂದ ಸಂಶಯ ಬಂದಾಗ ಸುಮ್ಮನಿರುವುದೇ ಚೆಕರ್‌ಗೆ ಕ್ಷೇಮ. ಗೆರೆ ಇಲ್ಲ ಎಂದರೆ 'ಸರಿಯಿದೆ' ಎಂದಲ್ಲ, 'ಇದು ತಪ್ಪು ಎಂದು ನನಗೆ ಖಾತ್ರಿಯಿಲ್ಲ' ಎಂದಷ್ಟೇ ಅರ್ಥ.

ಚೆಕರ್‌ಗಳ ಒಳಗಿನ ವ್ಯತ್ಯಾಸಕ್ಕೆ ಬಂದರೆ, ಲ್ಯಾಂಗ್ವೇಜ್‌ಟೂಲ್ 2003ರಲ್ಲಿ ಡೇನಿಯಲ್ ನಾಬರ್ ಅವರ ವಿದ್ಯಾರ್ಥಿ ಪ್ರಬಂಧವಾಗಿ ಹುಟ್ಟಿತು. ಅದರ ತಿರುಳು ಮುಕ್ತ ತಂತ್ರಾಂಶ, ಹೆಚ್ಚಿನ ನಿಯಮಗಳನ್ನು ಮನುಷ್ಯರು ಕೂತು ಬರೆದಿದ್ದಾರೆ. ಇದರ ಲಾಭ ಏನೆಂದರೆ, ಗೆರೆ ಎಳೆದಾಗ ಯಾವ ನಿಯಮದಿಂದ ಎಳೆದೆ ಎಂದು ಹೇಳಬಲ್ಲದು. ಇನ್ನೊಂದು ಲಾಭ, ಬೇಕಾದರೆ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಸಬಹುದು, ಬರೆದದ್ದು ಹೊರಗೆ ಹೋಗುವುದಿಲ್ಲ. ಗೂಗಲ್ ಡಾಕ್ಸ್‌ನ ದಾರಿ ಬೇರೆ. 2018ರಲ್ಲಿ ಗೂಗಲ್ ಘೋಷಿಸಿದ ವಿಧಾನ ವ್ಯಾಕರಣ ತಿದ್ದುವಿಕೆಯನ್ನು ಅನುವಾದದಂತೆ ನೋಡುತ್ತದೆ: ತಪ್ಪು ಇಂಗ್ಲಿಷಿನಿಂದ ಸರಿ ಇಂಗ್ಲಿಷಿಗೆ. ಹೀಗೆ ಕಲಿತ ಯಂತ್ರ ಯಾರೂ ನಿಯಮವಾಗಿ ಬರೆದಿಡದ ತಪ್ಪುಗಳನ್ನೂ ಹಿಡಿಯಬಲ್ಲದು, ಆದರೆ ಏಕೆ ಎಂದು ವಿವರಿಸುವುದರಲ್ಲಿ ಹಿಂದೆ. ಗ್ರಾಮರ್‌ಲಿ ಎರಡನ್ನೂ ಬೆರೆಸಿಕೊಂಡು, ಧಾಟಿಯ ಬಗ್ಗೆಯೂ ಸಲಹೆ ಕೊಡುತ್ತದೆ. ಹೆಮಿಂಗ್ವೇ ಎಡಿಟರ್ ಹೆಸರು ಕೇಳಿ ಅದನ್ನೂ ವ್ಯಾಕರಣಕ್ಕೆಂದು ತೆರೆಯುವವರಿದ್ದಾರೆ. ಅದರ ಮೂಲ ಕೆಲಸ ಉದ್ದದ ವಾಕ್ಯ, ಪ್ಯಾಸಿವ್ ವಾಯ್ಸ್, ಕ್ರಿಯಾವಿಶೇಷಣಗಳಿಗೆ ಬಣ್ಣ ಬಳಿದು ತೋರಿಸುವುದು.

ಪ್ಯಾಸಿವ್ ಎಂದಾಗ ಒಂದು ಮಾತು. ಬಹಳಷ್ಟು ಚೆಕರ್‌ಗಳು ಪ್ಯಾಸಿವ್ ಕಂಡರೆ ಬದಲಿಸು ಎನ್ನುತ್ತವೆ. 'ದಿ ಫೈಲ್ ವಾಸ್ ಡಿಲೀಟೆಡ್' ಎಂಬ ವಾಕ್ಯವನ್ನೇ ನೋಡಿ. ಯಾರು ಅಳಿಸಿದರೋ ಗೊತ್ತಿಲ್ಲದಿದ್ದಾಗ, ಅಥವಾ ಫೈಲೇ ಮುಖ್ಯವಾಗಿದ್ದಾಗ, ಅದೇ ಸರಿಯಾದ ವಾಕ್ಯ. ಗೆರೆ ಎಳೆದದ್ದೆಲ್ಲ ತಪ್ಪಲ್ಲ. 'ಇಗ್ನೋರ್' ಎಂಬ ಬಟನ್ ಇರುವುದೇ ಒತ್ತಲಿಕ್ಕೆ, ಧೈರ್ಯವಾಗಿ ಒತ್ತಿ.

ಯಾವ ಚೆಕರ್ ಆದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ ಇಂಗ್ಲಿಷೋ ಗೊತ್ತು ಮಾಡಿ. 'ದಿ ಟೀಮ್ ಆರ್' ಎಂಬುದು ಬ್ರಿಟಿಷರಿಗೆ ಸಹಜ, ಅಮೆರಿಕದವರಿಗೆ ತಪ್ಪಿನಂತೆ ಕಾಣುತ್ತದೆ. ಒಂದು ಚೆಕರ್ ಅಮೆರಿಕನ್, ಇನ್ನೊಂದು ಬ್ರಿಟಿಷ್ ಎಂದಿಟ್ಟುಕೊಂಡು ಎರಡನ್ನೂ ಒಟ್ಟಿಗೆ ಓಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಕಲಿಯುವವರ ನಿಘಂಟು: ಇದರ ಬೆಲೆ ನಮಗೆ ತಿಳಿದಿಲ್ಲ

ನನಗೆ ಒಂದೇ ಸಾಧನ ಇಟ್ಟುಕೊಳ್ಳಿ ಎಂದರೆ ನಾನು ಆರಿಸುವುದು ನಿಘಂಟನ್ನು. ಯಾವುದೋ ನಿಘಂಟನ್ನಲ್ಲ, ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ನಿಘಂಟನ್ನು. ಸಾಮಾನ್ಯ ನಿಘಂಟು ಓದುವವರಿಗೆ, ಇದು ಬರೆಯುವವರಿಗೆ.

ಈ ಬಗೆಯ ನಿಘಂಟಿನ ಹುಟ್ಟೇ ಅದನ್ನು ಹೇಳುತ್ತದೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ವಿದ್ಯಾರ್ಥಿಗಳಿಗೆ ಪದದ ಅರ್ಥ ಗೊತ್ತಿರುತ್ತಿತ್ತು, ವಾಕ್ಯದಲ್ಲಿ ಕೂರಿಸುವುದು ಗೊತ್ತಿರುತ್ತಿರಲಿಲ್ಲ. ಅವರೂ ಅವರ ಸಂಗಡಿಗರೂ ಸೇರಿ 1942ರಲ್ಲಿ ಅಲ್ಲಿ ಹೊರತಂದ ನಿಘಂಟು 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಮತ್ತೆ ಬಂತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಬೇರು ಅದೇ. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳಲ್ಲೇ ಎಲ್ಲ ಪದಗಳ ಅರ್ಥವನ್ನೂ ವಿವರಿಸಲು ಹೊರಟಿತು. 1987ರ ಕೋಬಿಲ್ಡ್ ನಿಘಂಟು, ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ, ಕಂಪ್ಯೂಟರಿನಲ್ಲಿ ಕೂಡಿಹಾಕಿದ ನಿಜವಾದ ಬಳಕೆಯಿಂದ ಉದಾಹರಣೆಗಳನ್ನು ಎತ್ತಿಕೊಂಡಿತು. ಅರ್ಥವನ್ನೂ ತುಂಡು ಪದಗಳಲ್ಲಿ ಹೇಳದೆ ಇಡೀ ವಾಕ್ಯದಲ್ಲಿ ಹೇಳಿತು. ಮೂರೂ ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ, ನೋಡಲು ದುಡ್ಡು ಕೊಡಬೇಕಿಲ್ಲ.

ಬಳಸುವುದು ಹೇಗೆ ಎಂದು ಒಂದು ವಾಕ್ಯ ಹಿಡಿದು ತೋರಿಸುತ್ತೇನೆ: 'ಹಿ ಸಜೆಸ್ಟೆಡ್ ಮಿ ಎ ಬುಕ್ ಆ್ಯಂಡ್ ಗೇವ್ ಮೆನಿ ಅಡ್ವೈಸಸ್.' ಲರ್ನರ್ಸ್ ನಿಘಂಟಿನಲ್ಲಿ 'ಅಡ್ವೈಸ್' ನೋಡಿ. ಪದದ ಪಕ್ಕದಲ್ಲೇ ಒಂದು ಸಣ್ಣ 'ಯು' ಅಕ್ಷರ ಅಥವಾ 'ಅನ್‌ಕೌಂಟಬಲ್' ಎಂಬ ಪದ ಇರುತ್ತದೆ. ಎಣಿಸಲಾಗದ ನಾಮಪದ ಎಂದು ಅದರ ಅರ್ಥ. ಹಾಗಾಗಿ 'ಅಡ್ವೈಸಸ್' ಇಲ್ಲ, 'ಮೆನಿ' ಇಲ್ಲ, 'ಎ ಲಾಟ್ ಆಫ್ ಅಡ್ವೈಸ್' ಸರಿ. ಒಂದೇ ಸಲಹೆ ಎನ್ನಬೇಕಾದರೆ 'ಎ ಪೀಸ್ ಆಫ್ ಅಡ್ವೈಸ್'. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಸಾಮಾನುಗಳು ಎಂದು ಧಾರಾಳವಾಗಿ ಬಹುವಚನ ಮಾಡುತ್ತೇವಲ್ಲ, ಇಂಗ್ಲಿಷಿನ 'ಇನ್ಫರ್ಮೇಷನ್', 'ಲಗೇಜ್', 'ಫರ್ನಿಚರ್', 'ಎಕ್ವಿಪ್‌ಮೆಂಟ್' ಎಲ್ಲವೂ ಆ 'ಯು' ಗುಂಪಿನವು.

ಈಗ 'ಸಜೆಸ್ಟ್' ನೋಡಿ. ಅರ್ಥ ನಮಗೆ ಗೊತ್ತು, ಅದನ್ನು ದಾಟಿ ಅರ್ಥದ ಪಕ್ಕ ದಪ್ಪಕ್ಷರದಲ್ಲಿರುವ ಮಾದರಿಗೆ ಬನ್ನಿ: 'ಸಜೆಸ್ಟ್ ಸಮ್‌ಥಿಂಗ್ ಟು ಸಮ್‌ಬಡಿ'. ಸೂಚಿಸಿದ ವಸ್ತು ಮೊದಲು, ಯಾರಿಗೆ ಎಂಬುದು ಆಮೇಲೆ, ನಡುವೆ 'ಟು'. 'ಸಜೆಸ್ಟೆಡ್ ಎ ಬುಕ್ ಟು ಮಿ'. 'ಎಕ್ಸ್‌ಪ್ಲೇನ್' ಕೂಡ ಹೀಗೆಯೇ, 'ಎಕ್ಸ್‌ಪ್ಲೇನ್ ಮಿ ದಿಸ್' ಆಗುವುದಿಲ್ಲ. ಆದರೆ 'ಟೆಲ್' ಮತ್ತು 'ಗಿವ್' ಆ ಕ್ರಮವನ್ನು ಒಪ್ಪುತ್ತವೆ. ಇದಕ್ಕೆ ಒಂದು ಸಾಮಾನ್ಯ ಸೂತ್ರ ಹುಡುಕಿ ದಣಿಯಬೇಡಿ, ಕ್ರಿಯಾಪದ ಕ್ರಿಯಾಪದಕ್ಕೂ ಮಾದರಿ ಬೇರೆ. ಆ ಮಾದರಿಯನ್ನು ಬರೆದಿಟ್ಟಿರುವ ಜಾಗ ಲರ್ನರ್ಸ್ ನಿಘಂಟು.

ಇನ್ನು ನನ್ನ 'ಡೌಟ್'. ಅಂದು ನಾನು ಆ ಪದವನ್ನು ನೋಡಿದ್ದರೆ ಕ್ರಿಯಾಪದದ ಮೊದಲ ಅರ್ಥದಲ್ಲೇ 'ನಿಜವಲ್ಲ ಅಥವಾ ಆಗಲಾರದು ಅನ್ನಿಸುವುದು' ಎಂಬ ತಿರುಳು ಕಾಣುತ್ತಿತ್ತು. ನೋಡಲಿಲ್ಲ, ಏಕೆಂದರೆ ಆ ಪದ ನನಗೆ ಗೊತ್ತು ಎಂದುಕೊಂಡಿದ್ದೆ. ನಿಘಂಟಿನ ದೊಡ್ಡ ಮಿತಿ ಇದೇ. ಸಂಶಯ ಬಂದ ಪದವನ್ನು ಮಾತ್ರ ನಾವು ಹುಡುಕುತ್ತೇವೆ, ಸಂಶಯವೇ ಬಾರದ ಕಡೆ ಅದು ತಾನಾಗಿ ಬಂದು ಎಚ್ಚರಿಸುವುದಿಲ್ಲ.

ಒಡನಾಟದ ಪ್ರಶ್ನೆಗೆ ನಿಘಂಟಿನ ಉದಾಹರಣೆ ವಾಕ್ಯಗಳು ಸಾಲದಿದ್ದರೆ, ಪದಜೋಡಿಗಳಿಗೆಂದೇ ಮಾಡಿದ ಕಾಲೊಕೇಷನ್ ನಿಘಂಟುಗಳಿವೆ. 'ರೇನ್' ಎಂದು ತೆರೆದರೆ ಅದರ ಮುಂದೆ ಬರುವ ವಿಶೇಷಣಗಳು, ಜೊತೆಗಿರುವ ಕ್ರಿಯಾಪದಗಳು ಸಾಲಾಗಿ ಸಿಗುತ್ತವೆ. ಬರವಣಿಗೆಯೇ ಕೆಲಸವಾಗಿರುವವರು ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕಾರ್ಪಸ್ ಮತ್ತು ಹುಡುಕಾಟ: ಸಂಖ್ಯೆಯಲ್ಲ, ಸಾಲು ನೋಡಿ

ನಿಘಂಟಿನಲ್ಲಿ ಉತ್ತರ ಸಿಗದಾಗ, 'ಜನ ನಿಜವಾಗಿ ಹೀಗೆ ಬರೆಯುತ್ತಾರೆಯೇ' ಎಂದು ಕೇಳಲು ಕಾರ್ಪಸ್ ಇದೆ. ಕಾರ್ಪಸ್ ಎಂದರೆ ನಿಜವಾದ ಬರಹ ಮತ್ತು ಮಾತನ್ನು ಕ್ರಮವಾಗಿ ಕೂಡಿಟ್ಟ ದೊಡ್ಡ ಭಂಡಾರ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ, ಅದರಲ್ಲಿ ಹತ್ತರಲ್ಲೊಂದು ಪಾಲು ಮಾತಿನ ಭಾಷೆ. ಮಾರ್ಕ್ ಡೇವಿಸ್ ಕಟ್ಟಿದ ಅಮೆರಿಕನ್ ಕಾರ್ಪಸ್ 'ಕೋಕಾ'ದಲ್ಲಿ 1990ರಿಂದ 2019ರವರೆಗಿನ ಸುಮಾರು 100 ಕೋಟಿ ಪದಗಳಿವೆ. ಇವು ಮೊದಲ ಸಲ ನೋಡುವವರಿಗೆ ಸ್ವಲ್ಪ ಗಾಬರಿ ಹುಟ್ಟಿಸುತ್ತವೆ. ಹೊಸಬರು 'ಸ್ಕೆಲ್' ಎಂಬ ಉಚಿತ ಸಾಧನದಿಂದ ಶುರುಮಾಡಿ. ಪದ ಹಾಕಿದರೆ ನಲವತ್ತರವರೆಗೆ ಉದಾಹರಣೆ ವಾಕ್ಯ ಕೊಡುತ್ತದೆ, ಜೊತೆಗಾರ ಪದಗಳನ್ನೂ ತೋರಿಸುತ್ತದೆ.

ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್ 2010ರಲ್ಲಿ ಬಂತು. ಎರಡು ಪದಗುಚ್ಛಗಳನ್ನು ಅಲ್ಪವಿರಾಮ ಹಾಕಿ ಕೊಟ್ಟರೆ ಪುಸ್ತಕಗಳಲ್ಲಿ ಯಾವುದು ಎಷ್ಟು ಬಳಕೆಯಾಗಿದೆ ಎಂದು ನಕ್ಷೆಯಲ್ಲಿ ಗೆರೆ ಎಳೆದು ತೋರಿಸುತ್ತದೆ. ಬ್ರಿಟಿಷ್, ಅಮೆರಿಕನ್ ಬೇರೆ ಮಾಡಿಯೂ ನೋಡಬಹುದು. ಐದು ಪದಕ್ಕಿಂತ ಉದ್ದದ ಗುಚ್ಛಕ್ಕೆ ಆಗುವುದಿಲ್ಲ, 40ಕ್ಕಿಂತ ಕಡಿಮೆ ಪುಸ್ತಕಗಳಲ್ಲಿ ಬಂದದ್ದನ್ನು ತೋರಿಸುವುದಿಲ್ಲ.

ಒಂದು ಬಲೆಯಿದೆ, ನಾನೇ ಬಿದ್ದು ಎದ್ದದ್ದು. 'ಡಿಸ್ಕಸ್ ಅಬೌಟ್' ತಪ್ಪು ಎಂದು ಓದಿದ್ದೆ. ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸಿದೆವು' ಎನ್ನುತ್ತೇವೆ, ಆ 'ಬಗ್ಗೆ'ಯೇ 'ಅಬೌಟ್' ಆಗಿ ಒಳಗೆ ಬರುತ್ತದೆ. ಇಂಗ್ಲಿಷಿನಲ್ಲಿ 'ಡಿಸ್ಕಸ್' ಕ್ರಿಯಾಪದಕ್ಕೆ ಕರ್ಮ ನೇರವಾಗಿ ಬೇಕು: 'ವಿ ಡಿಸ್ಕಸ್ಡ್ ಇಟ್'. ಆದರೂ ಹುಡುಕಿದಾಗ 'ಡಿಸ್ಕಸ್ ಅಬೌಟ್' ಕೆಲವೆಡೆ ಸಿಕ್ಕಿತು. ಹಾಗಾದರೆ ಸರಿಯೇ ಇರಬೇಕಲ್ಲ ಎಂದುಕೊಂಡು ಸಾಲುಗಳನ್ನು ತೆರೆದು ಓದಿದೆ. 'ಡಿಸ್ಕಸ್ ಅಬೌಟ್ ಟ್ವೆಂಟಿ ಕೇಸಸ್' ಎಂಬಂಥವು ಅಲ್ಲಿದ್ದವು. ಅಲ್ಲಿ 'ಅಬೌಟ್' ಎಂದರೆ 'ಬಗ್ಗೆ' ಅಲ್ಲ, 'ಸುಮಾರು'. ಉಳಿದ ಕೆಲವು ನನ್ನಂತೆಯೇ ಬೇರೆ ಭಾಷೆಯಿಂದ ಬಂದವರು ಬರೆದದ್ದು ಎನ್ನಿಸಿತು. ಅಂಕಿ ಎಣಿಸಿ ನಿಲ್ಲಬಾರದು, ಸಾಲನ್ನು ಓದಬೇಕು. ಹಾಗೆಯೇ 'ಡಿಸ್ಕಷನ್ ಅಬೌಟ್' ಎಂಬುದು ಪೂರ್ತಿ ಸರಿ, ಏಕೆಂದರೆ ಅದು ನಾಮಪದ.

ಮಾಮೂಲಿ ಗೂಗಲ್ ಹುಡುಕಾಟದಲ್ಲಿ ಉದ್ಧರಣ ಚಿಹ್ನೆಯೊಳಗೆ ವಾಕ್ಯ ಹಾಕಿ, ಬರುವ ಫಲಿತಾಂಶಗಳ ಸಂಖ್ಯೆ ನೋಡಿ ತೀರ್ಮಾನ ಮಾಡುವ ಅಭ್ಯಾಸ ಬಿಡುವುದೊಳ್ಳೆಯದು. ಆ ಸಂಖ್ಯೆ ಒಂದು ಅಂದಾಜು ಮಾತ್ರ.

ಎಐ ಚಾಟ್: ಏನು ಕೇಳುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬಹಳ ಜನರ ಪಾಲಿಗೆ ವಾಕ್ಯ ಪರೀಕ್ಷೆ ಎಂದರೆ ಎಐಗೆ ಅಂಟಿಸುವುದು ಎಂದಾಗಿದೆ. ಅರ್ಥದ ಪ್ರಶ್ನೆ ಮತ್ತು ಧಾಟಿಯ ಪ್ರಶ್ನೆಗೆ ಇದರಷ್ಟು ಒದಗುವ ಯಂತ್ರ ಬೇರೆ ಇಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಕನ್ನಡದಲ್ಲೇ ವಿವರಿಸಿ ಕೇಳಬಹುದು ಎಂಬುದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ.

ಆದರೆ ಇದರ ದೋಷ ಚೆಕರ್‌ನ ದೋಷಕ್ಕೆ ನೇರ ಎದುರು. ಚೆಕರ್ ಹೇಳಬೇಕಾದ ಕಡೆಯೂ ಸುಮ್ಮನಿರುತ್ತದೆ, ಎಐ ಸುಮ್ಮನಿರಬೇಕಾದ ಕಡೆಯೂ ತಿದ್ದುತ್ತದೆ. ಈ ವಾಕ್ಯ ನೋಡಿ: 'ವಿ ಕುಡ್ ನಾಟ್ ಫಿನಿಶ್ ದಿ ವರ್ಕ್ ಬಿಕಾಸ್ ದಿ ಡೇಟಾ ಕೇಮ್ ಲೇಟ್.' ಸರಳ, ಸ್ಪಷ್ಟ, ತಪ್ಪಿಲ್ಲ. 'ಇದನ್ನು ಚೆನ್ನಾಗಿ ಮಾಡು' ಎಂದರೆ ಬರುವುದು ಈ ಬಗೆಯದು: 'ಡ್ಯೂ ಟು ಅನ್‌ಫೋರ್ಸೀನ್ ಡಿಲೇಸ್ ಇನ್ ಡೇಟಾ ಡೆಲಿವರಿ, ವಿ ವರ್ ಅನೇಬಲ್ ಟು ಕಂಪ್ಲೀಟ್ ದಿ ವರ್ಕ್ ಇನ್ ಎ ಟೈಮ್ಲಿ ಮ್ಯಾನರ್.' ಕೇಳಲು ಗಂಭೀರವಾಗಿದೆ. ಈಗ ಬಿಡಿಸಿ ನೋಡಿ. 'ಅನ್‌ಫೋರ್ಸೀನ್' ಎಂದರೆ ಮುಂಚೆ ಊಹಿಸಿರದ ವಿಳಂಬ. ನಾನು ಹಾಗೆ ಹೇಳಿರಲಿಲ್ಲ, ತಡವಾಗುತ್ತದೆಂದು ಒಂದು ವಾರ ಮೊದಲೇ ಗೊತ್ತಿರಬಹುದು. 'ಇನ್ ಎ ಟೈಮ್ಲಿ ಮ್ಯಾನರ್' ಎಂದರೆ ಸಮಯಕ್ಕೆ ಸರಿಯಾಗಿ ಮುಗಿಸಲಿಲ್ಲ, ಅಂದರೆ ಆಮೇಲೆ ಮುಗಿಸಿದೆವು ಎಂಬ ಸುಳಿವು. ನನ್ನ ಮೂಲ ವಾಕ್ಯದಲ್ಲಿ ಕೆಲಸ ಮುಗಿದೇ ಇಲ್ಲ. ಒಂದು ಸಾಲಿನಲ್ಲಿ ಎರಡು ಸುಳ್ಳು ಸೇರಿಕೊಂಡವು, ಎರಡಕ್ಕೂ ಕೆಳಗಿರುವ ಸಹಿ ನನ್ನದು.

ಆದ್ದರಿಂದ ಎಐ ಹತ್ತಿರ 'ಚೆನ್ನಾಗಿ ಮಾಡು' ಎನ್ನಬೇಡಿ. 'ತಪ್ಪಿದ್ದರೆ ಮಾತ್ರ ತಿದ್ದು, ಉಳಿದ ಪದಗಳನ್ನು ಮುಟ್ಟಬೇಡ, ಪ್ರತಿ ತಿದ್ದುಪಡಿಗೂ ಕಾರಣ ಬರೆ, ತಪ್ಪಿಲ್ಲದಿದ್ದರೆ ತಪ್ಪಿಲ್ಲ ಎನ್ನು' ಎಂದು ಕೇಳಿ. ಕೊನೆಯ ಮಾತು ಮುಖ್ಯ. ಆ ಬಾಗಿಲು ತೆರೆದಿಡದಿದ್ದರೆ ಅದು ಏನಾದರೊಂದನ್ನು ಹುಡುಕಿಯೇ ಹುಡುಕುತ್ತದೆ.

ಅರ್ಥ ಪರೀಕ್ಷಿಸಲು ಇನ್ನೂ ಒಳ್ಳೆಯ ದಾರಿ ಇದೆ. ನಿಮ್ಮ ಉದ್ದೇಶ ಹೇಳದೆ ವಾಕ್ಯವನ್ನಷ್ಟೇ ಕೊಟ್ಟು, 'ಇದನ್ನು ಬರೆದವರ ಅಭಿಪ್ರಾಯವೇನು? ಅಂಕಿಗಳನ್ನು ಎತ್ತಿ ಹಾಕಲಾಗಿದೆ ಎನ್ನುತ್ತಿದ್ದಾರೋ, ಇಲ್ಲ ಎನ್ನುತ್ತಿದ್ದಾರೋ?' ಎಂದು ಕೇಳಿ. ನನ್ನ 'ಡೌಟ್' ವಾಕ್ಯವನ್ನು ಹೀಗೆ ಕೇಳಿದ್ದರೆ ತಪ್ಪು ಆ ಕ್ಷಣವೇ ಬಯಲಾಗುತ್ತಿತ್ತು. ಉದ್ದೇಶ ಮೊದಲೇ ಹೇಳಿಬಿಟ್ಟರೆ ಅದು ನಿಮ್ಮ ಕಡೆಗೇ ವಾಲಿ, 'ಹೌದು, ಸರಿಯಿದೆ' ಎನ್ನುವ ಸಂಭವ ಹೆಚ್ಚು.

ಇದೇ ವಾಲುವ ಗುಣದಿಂದ ಇನ್ನೊಂದು ತೊಂದರೆ. 'ನಿಜವಾಗಲೂ ಹಾಗೇ ಏನು?' ಎಂದು ಮರುಪ್ರಶ್ನೆ ಹಾಕಿದರೆ, ಸರಿಯಾಗಿ ಹೇಳಿದ್ದನ್ನೂ ಕೆಲವೊಮ್ಮೆ ಕ್ಷಮೆ ಕೇಳಿ ಬದಲಿಸುತ್ತದೆ. ಕೊಡುವ ಕಾರಣಗಳೂ ಕೆಲವು ಸಲ ನಿಯಮದಂತೆ ಕಾಣುವ ಕಟ್ಟುಕತೆ. ಅದು ಹೇಳಿದ ಕಾರಣವನ್ನು ಲರ್ನರ್ಸ್ ನಿಘಂಟಿನಲ್ಲಿ ಒಮ್ಮೆ ತಾಳೆ ನೋಡಿ. ಒಪ್ಪಿಗೆಯಾದರೆ ಮಾತ್ರ ನಿಮ್ಮ ನೆನಪಿಗೆ ಸೇರಿಸಿಕೊಳ್ಳಿ.

ಅನುವಾದ ಯಂತ್ರದಲ್ಲಿ ಇಂಗ್ಲಿಷ್ ವಾಕ್ಯ ಹಾಕಿ, ಕನ್ನಡದಲ್ಲಿ ಸರಿಯಾಗಿ ಬಂತು ಎಂದು ಸಮಾಧಾನಪಡುವವರೂ ಇದ್ದಾರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ 2011ರಲ್ಲೇ ಸೇರಿತು, 2017ರಲ್ಲಿ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನ ಬಂದ ಮೇಲೆ ಗುಣಮಟ್ಟವೂ ಏರಿತು. ಆದರೆ ಪರೀಕ್ಷೆಗೆ ಇದು ಹೊಂದದು. ಮೂಲದಲ್ಲಿ ವ್ಯಾಕರಣ ತಪ್ಪಿದ್ದರೂ ಯಂತ್ರ ಅದನ್ನು ಸರಿಯಾದ ಕನ್ನಡವಾಗಿಸಿಬಿಡುತ್ತದೆ. 'ಡೌಟ್' ಅನ್ನು ಅದು 'ಅನುಮಾನ' ಎಂದೇ ತಂದರೆ ನೀವು ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಮನುಷ್ಯರನ್ನು ಕೇಳುವುದಾದರೆ

ಅರ್ಥ, ಧಾಟಿ ಎರಡರಲ್ಲೂ ತಿಳಿದ ಓದುಗನಿಗೆ ಸಾಟಿಯಿಲ್ಲ, ಅದರಲ್ಲೂ ನೀವು ಯಾರಿಗೆ ಬರೆಯುತ್ತಿದ್ದೀರೋ ಆ ವಲಯದ ಓದುಗನಿಗೆ. ಆದರೆ 'ಇದು ಸರಿಯಿದೆಯಾ' ಎಂದು ಕೇಳಿದರೆ ಸಂಕೋಚಕ್ಕೆ 'ಚೆನ್ನಾಗಿದೆ' ಎಂದುಬಿಡುತ್ತಾರೆ. ಬದಲಿಗೆ 'ಇದನ್ನು ಓದಿ ನಿಮಗೇನು ತಿಳಿಯಿತು ಹೇಳಿ' ಎನ್ನಿ. ಅವರು ತಮ್ಮ ಮಾತಿನಲ್ಲಿ ಹೇಳಿದ್ದೂ ನಿಮ್ಮ ಉದ್ದೇಶವೂ ಹೊಂದಿದರೆ ವಾಕ್ಯ ತನ್ನ ಕೆಲಸ ಮಾಡಿದೆ.

ಇಂಗ್ಲಿಷೇ ಮನೆಮಾತಾಗಿರುವವರ ಕಿವಿಯನ್ನು ನಂಬಿ, ಅವರು ಕೊಡುವ ಕಾರಣವನ್ನು ಅಷ್ಟಾಗಿ ನಂಬಬೇಡಿ. ನಾವು 'ಮನೆಗೆ ಹೋದೆ' ಸರಿ, 'ಮನೆಯನ್ನು ಹೋದೆ' ತಪ್ಪು ಎಂದು ತಕ್ಷಣ ಹೇಳುತ್ತೇವೆ, ಏಕೆ ಎಂದರೆ ತಡವರಿಸುತ್ತೇವೆ. ಅವರೂ ಹಾಗೇ. ಶಾಲೆಯಲ್ಲಿ ಕಲಿತ ಹಳೆಯ ನಂಬಿಕೆಗಳೂ ಬೆರೆತಿರುತ್ತವೆ. ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂಬ ಮಾತು ಇನ್ನೂ ಕೇಳುತ್ತದೆ. ಇಂಗ್ಲಿಷ್ ಬಳಕೆಯ ಹೆಸರಾಂತ ಕೈಪಿಡಿ ಬರೆದ ಹೆನ್ರಿ ಫೌಲರ್ 1926ರಲ್ಲೇ ಅದನ್ನು ಮೂಢನಂಬಿಕೆ ಎಂದಿದ್ದರು.

ಇಬ್ಬರು ಬಲ್ಲವರು ಎರಡು ಬಗೆಯಾಗಿ ತಿದ್ದಿದರೆ ಗಾಬರಿ ಬೇಡ. ಮೇಲೆ ಹೇಳಿದ 2014ರ ಸ್ಪರ್ಧೆಯಲ್ಲಿ ಯಂತ್ರಗಳಿಗೆ ತಿದ್ದಲು ಕೊಟ್ಟಿದ್ದ ಪ್ರಬಂಧಗಳನ್ನೇ ಹತ್ತು ಮಂದಿ ಬೇರೆ ಬೇರೆಯಾಗಿ ತಿದ್ದಿದ್ದನ್ನು ಮುಂದಿನ ವರ್ಷ ಹೋಲಿಸಿ ನೋಡಲಾಯಿತು. ಹತ್ತೂ ಜನ ಒಂದೇ ರೀತಿ ತಿದ್ದಿರಲಿಲ್ಲ. ಒಂದು ತಪ್ಪು ವಾಕ್ಯಕ್ಕೆ ಸರಿಯಾದ ರೂಪ ಹಲವಿರಬಹುದು.

ಯಾವಾಗ ಯಾವುದು

ದಿನದ ಇಮೇಲ್‌ಗೆ ಚೆಕರ್ ಸಾಕು, ಜೊತೆಗೆ ಒಂದು ಸಲ ಬಾಯಿಬಿಟ್ಟು ಓದುವುದು. ಉದ್ಯೋಗದ ಅರ್ಜಿ, ಸಂಶೋಧನಾ ಲೇಖನ, ಕರಾರಿನಂಥ ಬರಹಕ್ಕೆ ಕ್ರಮ ಹೀಗಿರಲಿ: ಮೊದಲು ಚೆಕರ್, ಆಮೇಲೆ ಮುಖ್ಯ ಕ್ರಿಯಾಪದಗಳನ್ನು ನಿಘಂಟಿನಲ್ಲಿ ನೋಡುವುದು, ಆಮೇಲೆ ಎಐಗೆ 'ಇದರರ್ಥವೇನು' ಎಂಬ ಪ್ರಶ್ನೆ, ಕೊನೆಗೆ ಒಬ್ಬ ಮನುಷ್ಯ. ಕ್ರಮ ತಿರುವುಮುರುವಾದರೆ ಒಳ್ಳೆಯ ಓದುಗನ ಸಮಯ ಅಲ್ಪವಿರಾಮ ಹುಡುಕುವುದರಲ್ಲಿ ಕಳೆಯುತ್ತದೆ.

ಇಂಗ್ಲಿಷ್ ಕಲಿಯುತ್ತಿರುವವರು ಎಐ ತಿದ್ದುಪಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ತಿದ್ದಿದ ವಾಕ್ಯ ಸಿಕ್ಕಿಬಿಟ್ಟರೆ ತಪ್ಪು ಯಾಕಾಯಿತು ಎಂಬ ಕುತೂಹಲ ಅಲ್ಲೇ ಸಾಯುತ್ತದೆ. ಚೆಕರ್ ಗೆರೆ ಎಳೆದ ಕಡೆ ಅದರ ಸಲಹೆ ಒತ್ತುವ ಮೊದಲು ನೀವೇ ಊಹಿಸಿ, ನಿಘಂಟು ನೋಡಿ, ಆಮೇಲೆ ಒತ್ತಿ.

ಗೋಪ್ಯ ಬರಹ, ಅಂದರೆ ರೋಗಿಯ ವಿವರ, ಸಂಬಳದ ಪಟ್ಟಿ, ಇನ್ನೂ ಹೊರಬರದ ವರದಿ, ಇಂಥವನ್ನು ಆನ್‌ಲೈನ್ ಚೆಕರ್‌ಗೋ ಎಐಗೋ ಅಂಟಿಸಬೇಡಿ. ಅಂಟಿಸಿದ್ದು ಬೇರೆಯವರ ಸರ್ವರ್‌ಗೆ ಹೋಗುತ್ತದೆ. ಸ್ವಂತ ಕಂಪ್ಯೂಟರ್‌ನಲ್ಲಿ ನಡೆಸುವ ಲ್ಯಾಂಗ್ವೇಜ್‌ಟೂಲ್ ಇದಕ್ಕೆ ಸರಿ. ಇಲ್ಲವೇ ಹೆಸರು, ಅಂಕಿ ತೆಗೆದು ವಾಕ್ಯದ ಅಸ್ಥಿಪಂಜರವನ್ನಷ್ಟೇ ಪರೀಕ್ಷಿಸಿ. ವ್ಯಾಕರಣದ ಪ್ರಶ್ನೆಗೆ ಹೆಸರು ಬೇಕಿಲ್ಲ.

ನಾನು ಈಗ ಮಾಡುವುದು ಇಷ್ಟು. ಯಾವ ಮುಖ್ಯ ಬರಹವನ್ನಾದರೂ ಕಳಿಸುವ ಮುನ್ನ, ಚೆಕರ್ ಕೆಲಸ ಮುಗಿದ ಮೇಲೆ, ಹುಡುಕು ಪೆಟ್ಟಿಗೆ ತೆರೆದು ನನ್ನ ಕನ್ನಡ ನನ್ನನ್ನು ಎಡವಿಸುವ ಪದಗಳನ್ನು ಒಂದೊಂದಾಗಿ ಹಾಕುತ್ತೇನೆ: 'ಡೌಟ್', 'ಸಿನ್ಸ್', 'ಡಿಸ್ಕಸ್', 'ಸಜೆಸ್ಟ್', 'ಅಡ್ವೈಸ್'. ಸಿಕ್ಕ ಪ್ರತಿ ಕಡೆ ಆ ವಾಕ್ಯವನ್ನು ನಿಧಾನವಾಗಿ ಮತ್ತೊಮ್ಮೆ ಓದುತ್ತೇನೆ. ಎರಡು ನಿಮಿಷ ಹಿಡಿಯುತ್ತದೆ. ಹೋದ ತಿಂಗಳಷ್ಟೇ ಪಟ್ಟಿಗೆ 'ಎಕ್ಸ್‌ಪ್ಲೇನ್' ಸೇರಿತು.